ಅರೆಗಿವಿಯ ಒಂಟೆ

ಅಜ್ಮಾನಿನ ಹಳೇ ಇಂಡಸ್ಟ್ರಿಯಲ್ ಏರಿಯಾ,
ಟೈರಿನಂಗಡಿಗೂ ಐಸಿನ ಫ್ಯಾಕ್ಟರಿಗೂ ನಡುವೆ
ಒಂದು ತಗಡಿನ ಶೆಡ್ಡು, ಹಾಜಿ ದರ್ವೀಶರ ಕಂಪನಿ.
ಮೊದಲು ಬಕೆಟ್ಟು, ಮಗ್ಗು, ವುಜೂ ಮಾಡುವ ತಂಬಿಗೆ.
ಆಟಿಕೆಯ ಮಾತೇ ಇರಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ತೈವಾನಿನಿಂದ ಅಚ್ಚು ಬಂತು.
ಉಕ್ಕಿನ ಎರಡು ಹೋಳು, ಕೂಡಿಸಿದರೆ
ಒಳಗೆ ಒಂದು ಒಂಟೆಯಷ್ಟು ಖಾಲಿ.
ಬಂದರಿನಲ್ಲಿ ಇಳಿಸುವಾಗ ಹಗ್ಗ ಜಾರಿ
ಅಂಚು ಒಳಕ್ಕೆ ನುಗ್ಗಿ
ಎಡಗಿವಿಯ ಜಾಗ ಅರ್ಧ ಮುಚ್ಚಿಹೋಯಿತು.
ಹಾಜಿ ಗಡ್ಡ ಸವರಿಕೊಂಡರು:
"ಇರಲಿ ಬಿಡು. ಒಂಟೆ ಯಾವತ್ತು ಯಾರ ಮಾತು ಕೇಳಿದೆ?"

ಮಿಷಿನ್ನಿಗೆ ಕಟಪಾಡಿಯ ವಾಮನಣ್ಣ,
ಪ್ಲಾಸ್ಟಿಕ್ ಕಾಳು ಸುರಿಯಲು ನಾನು.
ನಿಮಿಷಕ್ಕೆ ಎರಡು, ಬಿಸಿಬಿಸಿ ಹುಟ್ಟಿ
ತಟ್ಟೆಗೆ ಬೀಳುತ್ತಿದ್ದವು, ಕುರುಡು.

ಕಣ್ಣು ನಮ್ಮ ಮನೆಯಲ್ಲಿ.
ಅಡುಗೆಕಟ್ಟೆಯ ಮೇಲೆ, ಫ್ರಿಜ್ಜಿನ ನೆತ್ತಿಯಲ್ಲಿ,
ತೊಟ್ಟಿಲ ಕೆಳಗೂ ಸಾಲು ನಿಲ್ಲಿಸಿ
ಸೆವ್ರಿನ್ ಬರೆಯುತ್ತಿದ್ದಳು, ಕಣ್ಣೊಂದಕ್ಕೆ ಎರಡು ಫಿಲ್ಸ್.
"ಒಂದೇ ಕಡೆ ಬರೆದರೆ ಯಾರಿಗೆ ಗೊತ್ತಾಗುತ್ತದೆ?"
ಅಂದೆ ಒಂದು ರಾತ್ರಿ, ನಿದ್ದೆಗಣ್ಣಲ್ಲಿ.
ಕುಂಚ ಎತ್ತದೆ ಅಂದಳು: "ಒಂಟೆಗೆ."

ಮಸ್ಕತ್ತು, ದೋಹಾ, ಬಸ್ರಾದವರೆಗೂ ಹೋದವು ಅರೆಗಿವಿಗಳು.
ತೊಂಬತ್ತರ ಆಗಸ್ಟಿನಲ್ಲಿ ನಲವತ್ತು ಪೆಟ್ಟಿಗೆ
ಕುವೈತಿನ ಗೋದಾಮಿನಲ್ಲಿ ಉಳಿದುಬಿಟ್ಟವು.
ಲೆಡ್ಜರಿನಲ್ಲಿ ಆ ಸಾಲಿನ ಮುಂದೆ ಇಂದಿಗೂ "ಬರಬೇಕು" ಎಂದಿದೆ,
ನನ್ನದೇ ಅಕ್ಷರ.

ಆಮೇಲೆ ಚೀನಾದ ಕಂಟೇನರು.
ಬ್ಯಾಟರಿ ಹಾಕಿದರೆ ನಡೆಯುವ, ಹಾಡುವ,
ಎರಡೂ ಕಿವಿ ನೆಟ್ಟಗಿರುವ ಒಂಟೆ, ನಮ್ಮದರ ಅರ್ಧ ಬೆಲೆಗೆ.
ಹಾಜಿಯ ಮಗ ಅದನ್ನೇ ತರಿಸಿ ನಮ್ಮ ಸ್ಟಿಕ್ಕರು ಹಚ್ಚಿಸಿದ.
ಆರು ತಿಂಗಳು ವಾಮನಣ್ಣ ಸ್ಟಿಕ್ಕರು ಅಂಟಿಸಿದ,
ಒಂದೂ ಸೊಟ್ಟಗಾಗದಂತೆ.
ಆಮೇಲೆ ಊರಿಗೆ ಹೋದ.

ಶೆಡ್ಡು ಬಿಟ್ಟುಕೊಡುವ ದಿನ
ಗುಜರಿಯ ಗುಲ್ ನವಾಜ್ ಅಚ್ಚು ತೂಗಿದ: ತೊಂಬತ್ತೆರಡು ಕಿಲೊ.
ಹೋಳು ಬಿಡಿಸಿ, ಖಾಲಿಯೊಳಗೆ ಬೆರಳಾಡಿಸಿದ,
ಕಾಲು, ಡುಬ್ಬ, ಮೂತಿ.
ಕಿವಿಯ ಹತ್ತಿರ ಬೆರಳು ನಿಂತಿತು.

"ಇದು ನಮ್ಮ ಮನೆಯಲ್ಲಿತ್ತು," ಅಂದ.
"ಅಪ್ಪ ಪೇಶಾವರಕ್ಕೆ ತಂದಿದ್ದ.
ಕಿವಿ ನಾನೇ ಕಚ್ಚಿ ಮುರಿದೆನೆಂದು ಬಾರಿಸಿದ್ದ."

ಒಪ್ಪಿದ ದುಡ್ಡಿನಲ್ಲಿ ಐದು ದಿರ್ಹಮ್ ಹಿಡಿದುಕೊಂಡ,
ಆ ಏಟಿನ ಬಾಬ್ತು.
ನಾನು ಚೌಕಾಸಿ ಮಾಡಲಿಲ್ಲ.