ದೇವಗಡ ಇಳಿಸಿದ ರಾತ್ರಿ

ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದವನು
ಮೂರು ಸರ್ವರುಗಳಿಗೆ ನಡುಗಡ್ಡೆಗಳ ಹೆಸರಿಟ್ಟು ಹೋಗಿದ್ದಾನೆ:
ಕೂರ್ಮಗಡ, ದೇವಗಡ, ಮದಲಿಂಗಗಡ.
ಬಂದರು ಕಚೇರಿಯ ಅಂಚೆಯೆಲ್ಲ ಇವುಗಳ ಬೆನ್ನ ಮೇಲೆ.

ಇವತ್ತು ದೇವಗಡದ ಸರದಿ.
ಬೈತಖೋಲದ ಐಸ್ ಫ್ಯಾಕ್ಟರಿ
ಕೊನೆಯ ಲಾರಿ ತುಂಬಿಸಿ ಸುಮ್ಮನಾದ ಮೇಲೆ
ಕೀಲಿಮಣೆಗೆ ಕೈ ಹಚ್ಚಿದೆ.

ಮೊದಲು ಹೊಸ ಪತ್ರಗಳಿಗೆ ಬಾಗಿಲು.
ಒಳಗಿದ್ದವನ್ನು ದಬ್ಬಬಾರದು;
ಉಂಡವರು ತಾವಾಗಿ ಎಲೆ ಬಿಟ್ಟೇಳುವ ತನಕ
ಹುಳಿ ಸೌಟು ಹಿಡಿದು ನಿಂತಿರಬೇಕು.
ಡೇಟಾಬೇಸುಗಳನ್ನು ಒಂದೊಂದಾಗಿ
ಕೂರ್ಮಗಡಕ್ಕೆ ದಾಟಿಸಿದೆ.
ಅದರ ಫ್ಯಾನು ಏದುಸಿರು ಬಿಟ್ಟಿತು,
ಆಮೇಲೆ ಹೊಂದಿಕೊಂಡಿತು.

ಸಾಲಿನಲ್ಲಿ ನಾನ್ನೂರ ಹನ್ನೆರಡು.
ತೊಂಬತ್ತು.
ಏಳು.
ಒಂದು.

ಆ ಒಂದು ಹೋಗಲೊಲ್ಲದು.
ಮಸ್ಕತ್ತಿನ ದಾರಿಯ ಯಾವುದೋ ಹಡಗಿಗೆ,
ತೂಕ ನಾಲ್ಕು ಕಿಲೋಬೈಟು.
ಹಡಗಿನ ಕಡೆಯಿಂದ ಉತ್ತರವಿಲ್ಲ, ಮತ್ತೆ ಯತ್ನ, ಮತ್ತೆ ಇಲ್ಲ.
ಬಿಚ್ಚಿ ನೋಡುವ ಅಧಿಕಾರ ನನಗುಂಟು,
ಬಿಚ್ಚಬಾರದೆಂಬುದೂ ಗೊತ್ತುಂಟು.
ಡೀಸೆಲ್ ಬಿಲ್ಲಿರಬಹುದು.

"ಒಂದಕ್ಕಾಗಿ ಇಷ್ಟು ಹೊತ್ತಾ ಬಾಯಿ?"
ವಾಚ್‌ಮನ್ ಪೆಡ್ನೇಕರ ಚಹಾ ಇಟ್ಟು
ನನ್ನ ಶಾಲು ನೋಡಿ ಎಸಿಯನ್ನು ಬೈದು ಹೋದ.

ಮದಲಿಂಗಗಡದ ಸಾಲಿಗೆ ಅದನ್ನೂ ಹೊರಿಸಬಹುದಿತ್ತು,
ಒಂದೇ ಗೆರೆಯ ಆಜ್ಞೆ. ಆದರೂ ಕಾದೆ.
ಕೋಡಿಬಾಗದ ನಮ್ಮ ಮನೆಗೆ ಒಮ್ಮೆ
ತಂತಿ ಬಂದದ್ದು ಮೂರು ದಿನ ತಡವಾಗಿ.
ವರದಿಯ ಯಾವ ಖಾನೆಗೂ ಅದು ಹೊಂದದು.

ಹನ್ನೆರಡೂ ಐವತ್ತಕ್ಕೆ, ಯಾವ ಸದ್ದೂ ಇಲ್ಲದೆ,
ಸೊನ್ನೆ.

ದೇವಗಡದ ಹಸಿರು ದೀಪ ಆರಿತು.
ಇನ್ನು ಉಳಿದವರು ಇಬ್ಬರು.
ಮೂವರಲ್ಲಿ ಇಬ್ಬರಿದ್ದರೆ ಮಾತು ನಡೆಯುತ್ತದೆ,
ಇನ್ನೊಬ್ಬ ಕುಸಿದರೆ ಇಡೀ ಕಚೇರಿಗೆ ಬಾಯಿಲ್ಲ.
ಕಾರವಾರದ ಕರೆಂಟಿನ ಮೇಲೆ ಭಾರ ಹಾಕಿ
ಪ್ಯಾಚ್ ಏರುವ ಶೇಕಡಾ ಲೆಕ್ಕ ನೋಡುತ್ತ ಕೂತೆ:
ಮೂವತ್ತು, ಮೂವತ್ತೊಂದು,
ಮೂವತ್ತೊಂದು,
ಮೂವತ್ತೊಂದು.

ಕಿಟಕಿಯಾಚೆ, ಕಪ್ಪು ನೀರಿನ ತುದಿಗೆ
ನಿಜದ ದೇವಗಡದ ದೀಪಸ್ತಂಭ
ಎಂದಿನ ಹಾಗೆ ಕಣ್ಣು ಹೊಡೆಯುತ್ತಲೇ ಇತ್ತು.
ಅದಕ್ಕೆ ಯಾರೂ ನೋಟಿಸು ಕೊಟ್ಟಿರಲಿಲ್ಲ.

ಮೂರೂ ನಲವತ್ತಕ್ಕೆ ಎದ್ದಿತು ಯಂತ್ರ,
ಜ್ವರ ಬಿಟ್ಟ ಮಗುವಿನಂತೆ ಮೊದಲು ಗಡಿಯಾರ ಕೇಳಿತು,
ನೆರೆಯವರ ಹೆಸರು ಕೇಳಿತು,
ತಾನಿಲ್ಲದಾಗ ಬಂದ ಪತ್ರಗಳನ್ನೆಲ್ಲ
ಕೂರ್ಮಗಡದಿಂದ ನಕಲು ಮಾಡಿಕೊಳ್ಳತೊಡಗಿತು.

ಬೆಳಗ್ಗೆ ಹತ್ತಕ್ಕೆ ನಾಗ್ವೇಕರ ಸಾಹೇಬರು:
"ರಾತ್ರಿ ಏನೋ ಬಂದ್ ಇತ್ತಂತೆ,
ನಮಗೆ ಗೊತ್ತೇ ಆಗ್ಲಿಲ್ವಲ್ಲ?
ನಿಜವಾಗ್ಲೂ ಏನಾರೂ ಮಾಡಿದ್ರಾ?"

ಅಡ್ಡಿಲ್ಲ ಸರ್, ಅಂದೆ.
ಕಣ್ಣು ಉರಿಯುತ್ತಿತ್ತು.
ನಾಳೆ ಕೂರ್ಮಗಡ.