ಹೊಲಿಗೆಯಿಲ್ಲದ ಕೆಲಸ

ನಲವತ್ತು ವರ್ಷ ದಾರ ಕಡಿದದ್ದು ಈ ಹಲ್ಲುಗಳಿಂದಲೇ.
ಕತ್ತರಿ ಪಕ್ಕದಲ್ಲೇ ಇರುತ್ತಿತ್ತು,
ಎತ್ತಿಕೊಳ್ಳಲು ಪುರುಸೊತ್ತಿರಲಿಲ್ಲ:
ಏಳು ಗಂಟೆಗೆ ಪರದೆ ಏಳುತ್ತದೆ,
ರಾಜನ ಒಂದು ತೋಳು ಇನ್ನೂ ಟಾಕಿನ ಮೇಲಿದೆ,
ರಾಣಿ ಈ ವರ್ಷವೂ ದಪ್ಪಗಾಗಿದ್ದಾಳೆ.
ಪ್ಲೊವ್‌ದಿವ್‌ನ ನಾಟಕಶಾಲೆಯ ನೆಲಮಾಳಿಗೆಯಲ್ಲಿ
ಬಾಯ್ತುಂಬ ಗುಂಡುಪಿನ್ನು ಇಟ್ಟುಕೊಂಡು
ನಾನು ಆಡಿದ್ದಕ್ಕಿಂತ ಕಚ್ಚಿದ್ದೇ ಹೆಚ್ಚು.

ಹಲ್ಲಿದ್ದಾಗ ಕಡಲೆ ಇರಲಿಲ್ಲವೆಂದು
ಗೊಣಗುವವಳಲ್ಲ.
ಹಲ್ಲೂ ಇತ್ತು, ಹುರಿದ ಸೂರ್ಯಕಾಂತಿ ಬೀಜವೂ ಇತ್ತು.
ತಾಮ್ರದ ಪಾತ್ರೆ ಬೆಳಗಿದಂತೆ
ಬೆಳಗ್ಗೆ ರಾತ್ರಿ ಗಸಗಸ ತಿಕ್ಕುತ್ತಲೂ ಇದ್ದೆ.
ಒಂದು ದಿನ ಅಳತೆಗನ್ನಡಿಯಲ್ಲಿ ನಕ್ಕೆ, ಯಾಕೋ:
ಹಲ್ಲು ಉದ್ದವಾಗಿದ್ದವು.
ಒಗೆದು ಒಣಗಿಸಿದ ಲಂಗದ ಅಂಚಿನಂತೆ
ಒಸಡು ಮೇಲಕ್ಕೇರಿತ್ತು,
ಕೆಳಗೆ ಹಳದಿ ಬೇರು,
ಯಾರಿಗೂ ಕಾಣಬಾರದ ಒಳಲಂಗ.

ಡಾಕ್ಟರ್ ರಲಿತ್ಸಾ ಚಿಕ್ಕವಳಿದ್ದಾಗ
ನಾನೇ ಹೊಲಿದ ಮೊಲದ ಕಿವಿ ತೊಟ್ಟು
ಮೂರನೇ ಅಂಕದಲ್ಲಿ ಮುಗ್ಗರಿಸಿದವಳು.
ಈಗ ಸಣ್ಣ ಸಲಾಕೆಯಿಂದ ಒಸಡಿನಂಚು ತಡವುತ್ತ
ಹೇಳಿ ಬರೆಸುತ್ತಾಳೆ: ಎರಡು, ಮೂರು, ಐದು, ಐದು, ಆರು.
ಏನಮ್ಮ ಅಳೆಯುತ್ತಿದ್ದೀ?
"ಕಿಸೆ."
ಕಿಸೆ! ನನಗೇ ಹೇಳುತ್ತಾಳೆ.
ಲೆಕ್ಕವಿಲ್ಲದಷ್ಟು ಕಿಸೆ ಹೊಲಿದಿದ್ದೇನೆ,
ಇವು ಮಾತ್ರ ನಾನು ಹೊಲಿದವಲ್ಲ,
ಹಲ್ಲಿಗೂ ಮಾಂಸಕ್ಕೂ ನಡುವೆ
ತಾವಾಗಿ ಬಿಚ್ಚಿಕೊಂಡವು,
ಒಳಗೆ ವರ್ಷಗಳ ಕಸ ಗಾರೆಗಟ್ಟಿದೆ.

ಮೊದಲು ಅದನ್ನು ತೆಗೆದಳು.
ನಾಲ್ಕು ಗುರುವಾರ, ಬಾಯಿಯ ನಾಲ್ಕು ಕಾಲುಭಾಗ.
ರಕ್ತ ನಿಲ್ಲಲಿ, ಕೆಂಪು ಇಳಿಯಲಿ,
ಕೊಳೆ ಬಟ್ಟೆಗೆ ಯಾರಾದರೂ ಅಸ್ತರಿ ಕೊಡುತ್ತಾರೆಯೇ ಎಂದಳು.
ಎರಡು ತಿಂಗಳು ಕಾದೆ.

ಟೋಪಿ ಹೊಲಿಯುವ ಸೆವ್ದಾಗೆ ಮಾಡಿದ್ದು ಬೇರೆ,
ಅಂಗುಳಿನಿಂದ ತುಣುಕು ಕೊಯ್ದು
ಒಸಡಿಗೆ ತೇಪೆ.
ಹತ್ತು ದಿನ ಬರೀ ಮೊಸರು,
ಆ ಹತ್ತು ದಿನವೂ ಅವಳ ಬೈಗುಳ ನನಗೆ.
ನನ್ನದಕ್ಕೆ ಸಾಕಾದದ್ದು ಒಂದು ಸೂಜಿತೂತು,
ತುಟಿಯ ಒಳಮಡಿಕೆಯ ಹತ್ತಿರ.
ಅದರೊಳಗಿಂದ ಬಾಗಿದ ಸಲಾಕೆ ತೂರಿಸಿ
ಅಂಟಿದ್ದ ಒಸಡನ್ನು ಒಳಗೊಳಗೇ ಬಿಡಿಸಿ
ಮೆಲ್ಲಗೆ, ಮೆಲ್ಲಗೆ ಕೆಳಗಿಳಿಸಿದಳು,
ಬೆಳೆದ ಹುಡುಗಿಯ ಲಂಗದ ಮಡಿಕೆ ಬಿಚ್ಚಿ ಇಳಿಸುವ ಹಾಗೆ.
ಅದೇ ತೂತಿನಿಂದ ಕೊಲಾಜೆನ್ ಪಟ್ಟಿ,
ಕಾಲರಿನೊಳಗೆ ಕ್ಯಾನ್ವಾಸು.

ನಡುವೆ "ನೋವಾ?" ಅಂದಳು.
ಬಾಯಿ ತೆರೆದೇ ತಲೆ ಅಡ್ಡಡ್ಡ ಆಡಿಸಿದೆ.
ಜರ್ಮನಿಯಲ್ಲಿ ಓದಿ ಬಂದ ಹುಡುಗ
"ಇಲ್ಲವಂತೆ" ಎಂದು ಬರೆದುಕೊಂಡ.
ನಮ್ಮಲ್ಲಿ ಅಡ್ಡ ಆಡಿಸಿದರೆ ಹೌದು ಕಣಪ್ಪ.
ರಲಿತ್ಸಾ ನಕ್ಕು ಇನ್ನೊಂದಿಷ್ಟು ಜೋಮಿನ ಮದ್ದು ಚುಚ್ಚಿದಳು.

ಎಷ್ಟು ಹೊಲಿಗೆ?
"ಒಂದೂ ಇಲ್ಲ."
ನನಗೆ ಕೊಂಚ ಅವಮಾನವೇ ಆಯಿತು.
ಹೊಲಿಗೆಯಿಲ್ಲದೆ ನಿಲ್ಲುವ ಯಾವುದನ್ನೂ
ಈವರೆಗೆ ನಂಬಿದವಳಲ್ಲ.
ಮನೆಗೆ ಹೋಗುವಾಗ ಮರಿತ್ಸಾ ಸೇತುವೆಯ ಮೇಲೆ
ನಾಲಗೆಯಿಂದ ಹತ್ತು ಸಲ ತಡವಬೇಕೆನಿಸಿತು,
ತಡವಕೂಡದು ಎಂದಿದ್ದಳು.

ಕೆಳಸಾಲಿನ ಮುಂದಿನ ಹಲ್ಲು ಮಾತ್ರ ಹಾಗೇ ಉಳಿಯಿತು.
ಅಲ್ಲಿ ಮೂಳೆಯೇ ಕರಗಿದೆಯಂತೆ.
"ಭುಜವಿಲ್ಲದ ಮೇಲೆ ಅಂಗಿ ಎಲ್ಲಿ ನಿಲ್ಲುತ್ತೆ, ಸ್ಟೊಯಾಂಕಾ ಅಜ್ಜಿ?"
ನನ್ನ ಮಾತನ್ನು ನನಗೇ ಮಾರುತ್ತಾಳೆ ಪೋರಿ.
ಅಲುಗುತ್ತದೆ ಅದು, ಸ್ವಲ್ಪ.
ಅಲುಗಲಿ. ಮೂರು ತಿಂಗಳಿಗೊಮ್ಮೆ ನೋಡೋಣ ಎಂದಿದ್ದಾಳೆ.

ಈಗ ಕತ್ತರಿ ಕೊರಳಲ್ಲಿ, ಲಾಡಿಗೆ ಕಟ್ಟಿ.
ಬ್ರಷ್ಷು ಬೆಕ್ಕಿನ ಕಿವಿಯಷ್ಟು ಮೆತ್ತಗೆ,
ಇದರಿಂದೇನು ತೊಳೆದೀತು ಅನಿಸುತ್ತದೆ ದಿನಾ.
ಆದರೂ ಕೈ ತಾನಾಗಿ ಬಾಯಿಗೆ ಹೋಗುತ್ತದೆ,
ದಾರ ಹಲ್ಲು ಮುಟ್ಟುವ ಮೊದಲು
ತುಟಿಯಲ್ಲಿ ನಿಲ್ಲಿಸುತ್ತೇನೆ.
ತುದಿ ಒದ್ದೆ ಮಾಡಿ, ಚೂಪು ಮಾಡಿ,
ಸೂಜಿಕಣ್ಣಿಗೆ ಹಿಡಿಯುತ್ತೇನೆ.
ಅದು ಬೇಡವೆಂದು ಅವಳು ಹೇಳಿಲ್ಲ,
ನಾನೂ ಕೇಳಿಲ್ಲ.

ಮೇಲಿಂದ ರಾಣಿ ಕೂಗುತ್ತಿದ್ದಾಳೆ,
ಬೆನ್ನಿನ ಹುಕ್ಕು ಕಿತ್ತಿದೆಯಂತೆ.