ನಾಲ್ಕನೆಯವನು

ಗೋವನ್ ಠಾಣೆಯ ಹಿಂದಿನ ಕೋಣೆ,
ಗೋಡೆಗೆ ಬೆನ್ನು ಕೊಟ್ಟು ಆರು ಜನ.
ಹಡಗುಕಟ್ಟೆ ಬಾಗಿಲು ಹಾಕಿದ ಮೇಲೆ ನನಗಿದೇ ಕಸುಬು:
ಯಾರ ಹಾಗೋ ಕಾಣುವುದು.
ಸಲಕ್ಕೆ ನಾಲ್ಕು ಪೌಂಡು, ಒಂದು ಲೋಟ ಚಹಾ.
ಕೆಂಚು ಮೀಸೆ ಬೇಕಾದ ದಿನ ಸಾರ್ಜೆಂಟ್ ಮೆಕ್‌ಫೇಲ್
ಪಬ್ಬಿನ ಬಾಗಿಲಲ್ಲೇ ನಿಂತು ಕೂಗುವನು,
"ಟ್ಯಾಮ್, ನಿನ್ನ ಮುಖಕ್ಕೆ ಕೆಲಸವಿದೆ, ಬಾ."

ಆರೋಪಿಗೆ ಒಂದು ಹಕ್ಕುಂಟು:
ನಿಲ್ಲುವ ಜಾಗ ಅವನೇ ಆರಿಸಬಹುದು.
ಆ ಹುಡುಗ ಬಂದು ನನ್ನ ಪಕ್ಕ ನಿಂತ. ಐದು.
ಬೆರಳು ನಡುಗುತ್ತಿದ್ದವು.
ನನ್ನವೂ. ನನ್ನದು ಹಿಂದಿನ ರಾತ್ರಿಯ ವಿಸ್ಕಿ,
ಅವನದು ಏನೋ.

ಬಂದಳು ಹೊಗೆಸೊಪ್ಪಿನ ಅಂಗಡಿಯ ಮುದುಕಿ.
ಹಣೆಯಲ್ಲಿ ಹೊಲಿಗೆ ಬಿಚ್ಚಿದ ಗಾಯ, ಇನ್ನೂ ಹಸಿಗೆಂಪು.
ಒಂದರಿಂದ ಆರಕ್ಕೆ, ಆರರಿಂದ ಒಂದಕ್ಕೆ,
ಮೀನಿನ ಕಿವಿರು ಎತ್ತಿ ನೋಡುವವಳ ಹಾಗೆ ನೋಡುತ್ತಾ ನಡೆದು
ನನ್ನೆದುರು ನಿಂತಳು.
ಭುಜ ಮುಟ್ಟಿದಳು.
"ಇವನೇ. ಸತ್ತರೂ ಮರೆಯೆ ಈ ಕಣ್ಣು."

ಆ ಗುರುವಾರ ಸಂಜೆ ನಾನು ಪೇಸ್ಲಿಯಲ್ಲಿ
ಅಕ್ಕನ ಅಡುಗೆಮನೆಗೆ ಗೋಡೆಕಾಗದ ಅಂಟಿಸುತ್ತಿದ್ದೆ.
ಉಗುರಸಂದಿಯಲ್ಲಿ ಅಂಟು ಇನ್ನೂ ಇತ್ತು.
ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ,
ನಾನು ಸಂಬಳದ ಮುಖ.
"ಆಗ್ತಿರುತ್ತೆ, ತಲೆ ಕೆಡಿಸ್ಕೋಬೇಡ,"
ಎಂದು ಸಾರ್ಜೆಂಟ್ ನಾಲ್ಕು ಪೌಂಡು ಎಣಿಸಿ ಸಹಿ ಹಾಕಿಸಿಕೊಂಡ.
ಹುಡುಗ ಹೊರಡುವಾಗ ತಿರುಗಿ ನೋಡಿದ.
ಬದುಕಿಕೊಂಡವನ ನೋಟವೋ, ಸಿಕ್ಕಿಬಿದ್ದವನದೋ,
ಹೇಳಲಾರೆ. ನನ್ನದೂ ಕಣ್ಣೇ ತಾನೆ.

ಸುಳ್ಳು ಹೇಳಿದ್ದರೆ ಬೈದು ಮರೆಯಬಹುದಿತ್ತು.
ಅವಳು ಹೇಳಲಿಲ್ಲ.
ಇಪ್ಪತ್ತೆರಡು ವರ್ಷ ರಿವೆಟ್ ಬಡಿದವನು ನಾನು, ಬಲ್ಲೆ:
ಒಳಗೆ ಕಾಂಡ ತುಕ್ಕು ತಿಂದಿರುತ್ತದೆ,
ಮೇಲೆ ತಲೆ ಮಾತ್ರ ಗುಂಡಗೆ, ಗಟ್ಟಿ,
ಬೆರಳಿಟ್ಟರೆ ಅಲುಗುವುದಿಲ್ಲ.

ಮೀಸೆ ಬೋಳಿಸಿದೆ. ಆ ಬೀದಿ ಬಿಟ್ಟು ಸುತ್ತಿಕೊಂಡು ನಡೆದೆ.
ಆದರೂ ಮಲಗಿದರೆ ಅವಳ ಅಂಗಡಿ.
ಪೆಪ್ಪರ್‌ಮಿಂಟಿನ ಭರಣಿ, ಮೂರು ಕಾಲಿನ ಸ್ಟೂಲು,
ಬಾಗಿಲ ಎಡಕ್ಕೆ ಹಿತ್ತಾಳೆ ಗಂಟೆ,
ನೂಕಿದೊಡನೆ ಕಿಣಿಕಿಣಿ.
ಒಮ್ಮೆಯೂ ಒಳಗೆ ಕಾಲಿಟ್ಟವನಲ್ಲ ನಾನು.
ಕಾಲಿಟ್ಟವನಲ್ಲ.

ಕೊನೆಗೆ ಅಕ್ಕನ ಮಗಳು ಮೊರಾಗಳನ್ನು
ಬೆಂಕಿಪೊಟ್ಟಣ ತಾ ಎಂದು ಅಲ್ಲಿಗೇ ಕಳಿಸಿದೆ.
ಬಂದವಳನ್ನು ಕೇಳಿದೆ:
ಗಂಟೆ ಎಡಕ್ಕಿದೆಯೋ, ಬಲಕ್ಕೋ?

"ಯಾವ ಗಂಟೆ, ಮಾಮ?"

ಹೋದ ಜೀವ ಬಂತು,
ಅರ್ಧ.
ಮಗು ಅದು, ಸರಿಯಾಗಿ ನೋಡಿತೋ ಇಲ್ಲವೋ.